ಕಾಲಿನ ಡಾಪ್ಲರ್ ಸ್ಕ್ಯಾನ್ ನಿಂತೇ ಮಾಡಿಸಿ

ಚಿಕ್ಕಪೇಟೆಯ ಸೀರೆ ಅಂಗಡಿಯವರು, ದರ್ಶಿನಿ ಅಡುಗೆಯವರು, ಪೀಣ್ಯದ ಗಾರ್ಮೆಂಟ್ಸ್ ಹೆಂಗಸರು, ಹೀಗೆ ದಿನವಿಡೀ ನಿಂತು ದುಡಿಯುವ ಎಷ್ಟೋ ಜನರಿಗೆ ಕಾಲಲ್ಲಿ ನರ, ಅಂದರೆ ರಕ್ತನಾಳ, ಉಬ್ಬಿರುತ್ತದೆ (ವೆರಿಕೋಸ್ ವೇನ್ಸ್). ಸಾಮಾನ್ಯವಾಗಿ ರಕ್ತ ಕೆಳಕ್ಕೆ ವಾಪಸ್ ಬಾರದಂತೆ ತಡೆಯುವ ಕವಾಟ ಕೆಟ್ಟಿರುವುದು ತೊಡೆಯ ಒಳಬದಿಯ ದೊಡ್ಡ ರಕ್ತನಾಳದಲ್ಲಿ. ಕೆಲವರಲ್ಲಿ ಮಾತ್ರ ಅದು ಸರಿಯಾಗಿದ್ದು, ರಕ್ತ ಬೇರೆ ದಾರಿಯಲ್ಲಿ ಕೆಳಗಿಳಿಯುತ್ತಿರುತ್ತದೆ. ಅಂಥವರೇ ‘ಸ್ಕ್ಯಾನ್ ನಾರ್ಮಲ್’ ಅನ್ನಿಸಿಕೊಂಡು ನೋವು ಹೊತ್ತು ಮನೆಗೆ ಬರುವುದು.

ಮೊದಲು, ಐದು ನಿಮಿಷ ನಿಂತು ಉಬ್ಬಿದ ಜಾಗದ ಫೋಟೊ ತೆಗೆದುಕೊಳ್ಳಿ. ಅದು ತೊಡೆಯ ಮುಂದಿದೆಯೋ, ಹಿಂದಿದೆಯೋ, ಮೀನಖಂಡದಲ್ಲೋ, ತೊಡೆಸಂದಿನಲ್ಲೋ ನೋಡಿ. ಹೆರಿಗೆಯ ನಂತರ ಗುಪ್ತಾಂಗದ ಸುತ್ತ, ತೊಡೆಯ ಹಿಂದೆ ಉಬ್ಬಿದ್ದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ಅದರ ಮೂಲ ಕಿಬ್ಬೊಟ್ಟೆಯಲ್ಲಿರಬಹುದು.

ಆಮೇಲೆ ಡಾಪ್ಲರ್, ಅಂದರೆ ರಕ್ತ ಎತ್ತ ಹರಿಯುತ್ತದೆಂದು ತೋರಿಸುವ ಅಲ್ಟ್ರಾಸೌಂಡ್ ಸ್ಕ್ಯಾನ್. ಎಡವುವುದು ಇಲ್ಲೇ. ಮಲಗಿಸಿ ಮಾಡಿದರೆ ಹಿಮ್ಮುಖ ಹರಿವು ಸರಿಯಾಗಿ ಕಾಣಿಸದೆ ಹೋಗಬಹುದು. ನಿಂತು, ಭಾರವನ್ನು ಇನ್ನೊಂದು ಕಾಲಿಗೆ ಬಿಟ್ಟು, ನೋಡುವ ಕಾಲಿನ ಮಂಡಿಯನ್ನು ತುಸು ಬಾಗಿಸಬೇಕು. ಸ್ಕ್ಯಾನ್ ಮಾಡುವವರು ಮೀನಖಂಡ ಹಿಂಡಿ ಬಿಡುತ್ತಾರೆ. ಆಗ ಮೇಲ್ಪದರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಜಾಸ್ತಿ ಕೆಳಕ್ಕೆ ಹರಿದರೆ ಅದು ದೋಷ. ತೊಡೆಯ ಮುಂಭಾಗದ ನಾಳ, ಮೀನಖಂಡದ ಸಣ್ಣ ನಾಳ, ಅಲ್ಲಿಂದ ತೊಡೆಯ ಹಿಂದೆ ಏರುವ ಜಿಯಾಕೊಮಿನಿ ನಾಳ, ಒಳಗಿನ ಆಳದ ನಾಳ, ಎಲ್ಲವನ್ನೂ ನೋಡಿಸಿ. ರಿಪೋರ್ಟಿನಲ್ಲಿ ಯಾವ ನಾಳ, ಎಲ್ಲಿಂದ ಎಲ್ಲಿಗೆ, ಎಷ್ಟು ದಪ್ಪ ಎಂದು ಬರೆದಿರಬೇಕು. ಸುಮ್ನೆ ‘ವೆರಿಕೋಸ್ ವೇನ್ಸ್ ಇದೆ’ ಎಂದಿದ್ದರೆ ವಾಪಸ್ ಕೊಟ್ಟು ಕೇಳಿ, ಅದು ನಿಮ್ಮ ಹಕ್ಕು.

ಮೂಲ ಬಿಟ್ಟು ಕೆಳಗಿನ ಉಬ್ಬಿಗೆ ಮಾತ್ರ ಇಂಜೆಕ್ಷನ್ ಕೊಡಿಸುವುದು, ನಲ್ಲಿ ಸೋರುತ್ತಿರುವಾಗ ನೆಲ ಒರೆಸಿದಂತೆ. ಕೆಟ್ಟ ನಾಳ ಮುಚ್ಚಲು, ನೇರ ನಾಳಕ್ಕೆ ಲೇಸರ್ ಅಥವಾ ರೇಡಿಯೋ ತರಂಗ, ಸೊಟ್ಟ ನಾಳಕ್ಕೆ ನೊರೆ ಇಂಜೆಕ್ಷನ್. ಮೀನಖಂಡದ ನಾಳದ ಪಕ್ಕದಲ್ಲೇ ಸ್ಪರ್ಶದ ನರ ಹೋಗುತ್ತದೆ, ಅನುಭವಿಗಳ ಕೈಯಲ್ಲೇ ಮಾಡಿಸಿ. ಕಿಬ್ಬೊಟ್ಟೆಯಲ್ಲೂ ನೋವಿದ್ದರೆ, ಎಂಆರ್‌ಐ ಸ್ಕ್ಯಾನ್ ನೋಡಿ ಅಂಡಾಶಯದ ನಾಳಕ್ಕೆ ಕಾಯಿಲ್ (ಲೋಹದ ಸಣ್ಣ ಸುರುಳಿ) ಹಾಕಿ ಮುಚ್ಚುವುದುಂಟು.

ಎಣ್ಣೆ, ಮುಲಾಮಿನಿಂದ ಕವಾಟ ಸರಿಹೋಗುವುದಿಲ್ಲ, ಹಣ ಹಾಕಬೇಡಿ. ಕಾಲನ್ನು ಬಿಗಿಯಾಗಿ ಹಿಡಿಯುವ ಸಾಕ್ಸ್‌ನಲ್ಲಿ ‘ಎಲ್ಲರಿಗೂ ಒಂದೇ ಸೈಜ್’ ಅನ್ನುವುದು ಕೂಡ ಬೇಡ. ಬೆಳಿಗ್ಗೆ, ಊತ ಬರುವ ಮುಂಚೆ, ಕಣಕಾಲು ಮತ್ತು ಮೀನಖಂಡದ ಅಳತೆ ಕೊಟ್ಟು ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯವರು, ಸಿಗರೇಟು ಸೇದುವವರು ಈ ಸಾಕ್ಸ್ ಹಾಕುವ ಮೊದಲು ಪಾದದ ನಾಡಿ ನೋಡಿಸಬೇಕು.

ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ ಇದ್ಯಾವುದಕ್ಕೂ ಕಾಯಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.