ದಡದಿಂದ ಶಾರ್ಕ್: ನೀರಲ್ಲಿರುವಾಗಲೇ ಗುರುತು ಹಿಡಿಯಿರಿ

ನಾನು ದಡದಿಂದ ಶಾರ್ಕ್ ಹಿಡಿಯುವುದು ವಾಪಸ್ ಬಿಡುವುದಕ್ಕೇ. ಹಾಗಾಗಿ ಎಷ್ಟು ದೊಡ್ಡದು ಸಿಕ್ಕಿತು ಅನ್ನುವುದಕ್ಕಿಂತ ಯಾವುದು ಸಿಕ್ಕಿತು ಅನ್ನುವುದೇ ನನಗೆ ಮುಖ್ಯ. ಮೀನು ಮೊಣಕಾಲು ಮಟ್ಟದ ನೀರಿಗೆ ಬಂದ ಮೇಲೆ ಯೋಚನೆಗೆ ಪುರುಸೊತ್ತು ಇರುವುದಿಲ್ಲ. ಗಾಳ ಬಿಡಿಸುವುದಾ, ಗಾಳಕ್ಕೆ ಕಟ್ಟಿದ ತಂತಿ ಕತ್ತರಿಸುವುದಾ ಅಂತ ಆಗಲೇ ತೀರ್ಮಾನ ಆಗಬೇಕು.

ಸಾಮಾನು ಗಟ್ಟಿಯಾಗಿರಲಿ. ಸಣ್ಣ ರಾಡ್‌ನಲ್ಲಿ ದೊಡ್ಡ ಶಾರ್ಕ್ ಎಳೆಯುವುದು ಶೌರ್ಯ ಅಂತ ಕೆಲವರು ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಸುಮ್ನೆ ಹಿಂಸೆ. ಎಳೆದಾಟ ಉದ್ದವಾದಷ್ಟೂ ಮೀನು ಸುಸ್ತಾಗುತ್ತದೆ, ಬಿಟ್ಟ ಮೇಲೂ ಸಾಯಬಹುದು. ಗಾಳದ ಹತ್ತಿರ ಉಕ್ಕಿನ ತಂತಿ ಬೇಕೇ ಬೇಕು, ಹಲ್ಲಿಗೆ ಬೇರೆ ಯಾವುದೂ ತಡೆಯುವುದಿಲ್ಲ. ತಂತಿಯ ಹಿಂದೆ ದಪ್ಪ ಮೋನೋ ದಾರ (ಒಂದೇ ಎಳೆಯ ನೈಲಾನ್ ದಾರ) ಹಾಕುತ್ತೇನೆ. ಶಾರ್ಕ್ ಚರ್ಮ ತುಂಬ ಒರಟು, ಬಾಲ ಉಜ್ಜಿದರೂ ಸಾಕು, ತೆಳು ದಾರ ಹರಿದುಹೋಗುತ್ತದೆ.

ಗಾಳ ಮಾತ್ರ ಸರ್ಕಲ್ ಹುಕ್ಕೇ (ಮೊನೆ ಒಳಕ್ಕೆ ಬಾಗಿದ ದುಂಡು ಗಾಳ) ಆಗಬೇಕು, ಅದೂ ಸ್ಟೇನ್‌ಲೆಸ್ ಅಲ್ಲದ್ದು. ಎರೆ ನುಂಗಿದ ಶಾರ್ಕ್ ತಿರುಗಿ ಹೊರಟಾಗ ಈ ಗಾಳ ಗಂಟಲಲ್ಲಿ ನಿಲ್ಲದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ರಾಡ್ ಜಗ್ಗಬಾರದು. ದಾರ ಬಿಗಿಯಾಗಲು ಬಿಟ್ಟು ರೀಲ್ ಸುತ್ತಿದರೆ ಸಾಕು. ಬಾಯಲ್ಲೇ ಉಳಿದರೂ ಸಾದಾ ಉಕ್ಕಿನ ಗಾಳ ತುಕ್ಕು ಹಿಡಿದು ಬಿದ್ದುಹೋಗುತ್ತದೆ.

ಗುರುತಿನ ವಿಷಯಕ್ಕೆ ಬರೋಣ. ಬಣ್ಣ ನೋಡಬೇಡಿ ಅಂತ ನಾನು ಮೊದಲೇ ಹೇಳಿಬಿಡುತ್ತೇನೆ. ಕಲಕಿದ ನೀರಲ್ಲಿ, ಟಾರ್ಚ್ ಬೆಳಕಲ್ಲಿ, ಎಲ್ಲ ಶಾರ್ಕೂ ಬೂದು ಬಣ್ಣದವೇ. ನನ್ನ ಕಣ್ಣು ಮೊದಲು ಹೋಗುವುದು ಬೆನ್ನಿನ ಎರಡು ರೆಕ್ಕೆಗಳ ಮೇಲೆ. ಎರಡೂ ಹೆಚ್ಚುಕಮ್ಮಿ ಒಂದೇ ಅಳತೆಯವಾ? ಹಾಗಿದ್ದರೆ ಲೆಮನ್ ಶಾರ್ಕ್ ಇರಬಹುದು. ಎರಡೂ ಬಾಲದ ಕಡೆಗೆ ಸರಿದಿದ್ದು ಮೂತಿಯಲ್ಲಿ ಮೀಸೆ ಇದ್ದರೆ ಅದು ನರ್ಸ್ ಶಾರ್ಕ್. ಮುಂದಿನ ರೆಕ್ಕೆ ಮೈಗೆ ಹೋಲಿಸಿದರೆ ತೀರಾ ಎತ್ತರ ಅನ್ನಿಸಿದರೆ ಸ್ಯಾಂಡ್‌ಬಾರ್ ಅಂತ ಅನುಮಾನ ಪಡುತ್ತೇನೆ.

ಆ ಅನುಮಾನ ಬಗೆಹರಿಸುವುದು ಬೆರಳು. ಎರಡು ಬೆನ್ನುರೆಕ್ಕೆಗಳ ನಡುವೆ, ಬೆನ್ನಿನ ಮಧ್ಯದಲ್ಲಿ, ತಲೆ ಕಡೆಯಿಂದ ಬಾಲದ ಕಡೆಗೆ ಒದ್ದೆ ಬೆರಳು ಎಳೆಯಿರಿ. ಸ್ಯಾಂಡ್‌ಬಾರ್, ಡಸ್ಕಿ, ಸಿಲ್ಕಿ ಜಾತಿಗಳಲ್ಲಿ ಚರ್ಮದ ಒಂದು ಸಣ್ಣ ಏಣು ಸಿಗುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಬುಲ್, ಬ್ಲ್ಯಾಕ್‌ಟಿಪ್, ಸ್ಪಿನ್ನರ್, ಲೆಮನ್‌ಗೆ ಅದಿಲ್ಲ. ಏಣು ಇಲ್ಲದೆ, ಮೂತಿ ಮೊಂಡಾಗಿ ಅಗಲವಾಗಿದ್ದು ಕಣ್ಣು ಪುಟ್ಟದಿದ್ದರೆ ಬುಲ್. ಬಾಲದ ಕಡೆಯಿಂದ ತಲೆ ಕಡೆಗೆ ಮಾತ್ರ ಎಳೆಯಬೇಡಿ, ಕೈ ತರಚುತ್ತದೆ.

ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಬ್ಲ್ಯಾಕ್‌ಟಿಪ್ ಮತ್ತು ಸ್ಪಿನ್ನರ್ ನಡುವೆ. ಎರಡಕ್ಕೂ ರೆಕ್ಕೆ ತುದಿ ಕಪ್ಪು, ಎರಡೂ ನೀರಿಂದ ಮೇಲೆ ಹಾರಿ ಗಿರಕಿ ಹೊಡೆಯುತ್ತವೆ. ಹೊಟ್ಟೆಯ ಕೆಳಗೆ, ಬಾಲಕ್ಕೆ ಹತ್ತಿರ ಇರುವ ಒಂಟಿ ರೆಕ್ಕೆ ನೋಡಿ. ಬ್ಲ್ಯಾಕ್‌ಟಿಪ್‌ಗೆ ಅದು ಸಾಮಾನ್ಯವಾಗಿ ಬಿಳಿ, ಬೆಳೆದ ಸ್ಪಿನ್ನರ್‌ಗೆ ಕಪ್ಪು ತುದಿ. ಆದರೆ ಸ್ಪಿನ್ನರ್ ಮರಿಗಳಿಗೆ ಆ ಕಪ್ಪು ಇನ್ನೂ ಬಂದಿರುವುದಿಲ್ಲ! ಆಗ ಮುಂದಿನ ಬೆನ್ನುರೆಕ್ಕೆ ಎಲ್ಲಿ ಶುರುವಾಗುತ್ತದೆ ನೋಡಬೇಕು. ಸ್ಪಿನ್ನರ್‌ನದ್ದು ಎದೆರೆಕ್ಕೆಯ ಹಿಂತುದಿಯ ನೇರಕ್ಕೆ ಅಥವಾ ಅದಕ್ಕೂ ಹಿಂದೆ, ಬ್ಲ್ಯಾಕ್‌ಟಿಪ್‌ನದ್ದು ಅದಕ್ಕಿಂತ ಮುಂದೆ, ಎದೆರೆಕ್ಕೆಯ ಮೇಲ್ಭಾಗದಲ್ಲೇ.

ಹ್ಯಾಮರ್‌ಹೆಡ್ ಗುರುತಿಗೆ ಪಾಠ ಬೇಡ ಅಲ್ವಾ? ಆದರೆ ಅದರಲ್ಲೂ ಜಾತಿಗಳಿವೆ. ತಲೆ ಸಲಿಕೆಯ ಹಾಗೆ ಉರುಟಾಗಿದ್ದರೆ ಬಾನೆಟ್‌ಹೆಡ್, ಅದು ಚಿಕ್ಕ ಮೀನು. ತಲೆಯ ಮುಂಭಾಗ ಹೆಚ್ಚುಕಮ್ಮಿ ನೇರವಾಗಿದ್ದು, ಬೆನ್ನುರೆಕ್ಕೆ ಕುಡುಗೋಲಿನಂತೆ ಬಾಗಿ ತುಂಬ ಎತ್ತರ ಇದ್ದರೆ ಗ್ರೇಟ್ ಹ್ಯಾಮರ್‌ಹೆಡ್. ಅದು ಎಳೆದಾಟದಲ್ಲಿ ಬೇಗ ನಿತ್ರಾಣವಾಗುವ ಮೀನು. ಅದರ ತಲೆ ಕಂಡ ಕೂಡಲೇ ನಾನು ತಂತಿ ಕತ್ತರಿಸುವ ಕಟರ್ ತೆಗೆಯುತ್ತೇನೆ. ಫೋಟೋ ಇಲ್ಲ, ಅಳತೆ ಇಲ್ಲ.

ಫ್ಲೋರಿಡಾದಲ್ಲಿ 2019ರ ಜುಲೈನಿಂದ ದಡದಿಂದ ಶಾರ್ಕ್ ಹಿಡಿಯಲು ಪ್ರತ್ಯೇಕ ಪರ್ಮಿಟ್ ಬೇಕು. ಇಟ್ಟುಕೊಳ್ಳಬಾರದು ಅಂತ ನಿಷೇಧಿಸಿರುವ ಜಾತಿಯನ್ನು ನೀರಿಂದ ಹೊರಗೆ ತರುವಂತಿಲ್ಲ, ಕಟರ್ ಜೊತೆಗಿರಲೇಬೇಕು. ಕಾನೂನು ಇಲ್ಲದ ಕಡೆಯೂ ನಾನು ಇದನ್ನೇ ಪಾಲಿಸುತ್ತೇನೆ. ಶಾರ್ಕ್‌ನ ಒಳಗಿನ ಅಂಗಾಂಗ ಹೊತ್ತು ನಿಲ್ಲುವ ಗಟ್ಟಿ ಪಕ್ಕೆಲುಬುಗೂಡಿಲ್ಲ. ಮರಳಿನ ಮೇಲೆ ಎಳೆದರೆ ಅದರ ಭಾರ ಅದಕ್ಕೇ ಪೆಟ್ಟು ಕೊಡುತ್ತದೆ.

ಬಿಡುವಾಗ ತಲೆ ಸಮುದ್ರದ ಕಡೆ ಇರಲಿ, ಕಿವಿರು ನೀರಲ್ಲೇ ಇರಲಿ. ಒಂದು ಕೈ ಬೆನ್ನುರೆಕ್ಕೆಯ ಮೇಲೆ, ಇನ್ನೊಂದು ಬಾಲದ ಬುಡದಲ್ಲಿ. ಅದು ತಾನಾಗಿ ಬಾಲ ಬೀಸುವ ತನಕ ಬಿಡಬೇಡಿ. ಉದ್ದ ತಿಳಿಯಲೇಬೇಕು ಅಂತಿದ್ದರೆ ರಾಡ್‌ಗೆ ಮೊದಲೇ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಟ್ಟುಕೊಳ್ಳಿ. ನೀರಲ್ಲೇ ಪಕ್ಕಕ್ಕೆ ಹಿಡಿದು, ಮೂತಿಯಿಂದ ಬಾಲ ಕವಲೊಡೆಯುವ ಜಾಗದವರೆಗೆ ನೋಡಿಕೊಂಡರಾಯಿತು.