ಎರೆ ಹೊಲದಲ್ಲಿ ಕಲಿತ ಕಡಲ ಹಕ್ಕಿ ಫೋಟೋಗ್ರಫಿ

ನಮ್ಮ ಹುಬ್ಬಳ್ಳಿಯವರಿಗೆ ಕಡಲು ಅಂದರೆ ಅರಬೈಲು ಘಟ್ಟ ಇಳಿದ ಮೇಲಿನ ಮಾತು. ಹಡಗಂತೂ ಇನ್ನೂ ದೂರ. ಆದರೆ ಕೊಚ್ಚಿಯಿಂದ ಲಕ್ಷದ್ವೀಪದ ಕವರತ್ತಿಗೆ ಹೋಗುವ ಹಡಗಿನಲ್ಲಿ ನಿಂತು ಹಾರುವ ಹಕ್ಕಿಗಳ ಫೋಟೋ ತೆಗೆಯಲು ಏನು ಬೇಕೋ ಅದರಲ್ಲಿ ಮುಕ್ಕಾಲು ಪಾಲು ನಾನು ಕಲಿತದ್ದು ಅಣ್ಣಿಗೇರಿ ಹತ್ತಿರ, ಕಾಕಾನ ಎರೆ ಹೊಲದಲ್ಲಿ.

ಟ್ರ್ಯಾಕ್ಟರ್ ನೇಗಿಲು ಹೊಡೆಯುವಾಗ ಹುಳ ಹೆಕ್ಕಲು ಬೆಳ್ಳಕ್ಕಿಗಳು ಹಿಂಡಾಗಿ ಬರುತ್ತವೆ. ಪಕ್ಕದ ದಾರಿಯಲ್ಲಿ ಕಾಕಾ ಖಾಲಿ ಟ್ರೇಲರ್ ಕಟ್ಟಿಕೊಂಡು ನಿಧಾನ ಹೊರಟರೆ ನಾನು ಅದರಲ್ಲಿ ನಿಂತು ಕ್ಲಿಕ್ ಮಾಡುತ್ತಿದ್ದೆ. ಮೊದಮೊದಲು ಟ್ರೇಲರಿನ ಅಂಚಿಗೆ ಮೊಣಕೈ ಊರುತ್ತಿದ್ದೆ. ಕಾಕಾ ತಿರುಗಿ ನೋಡಿ, "ಅದನ್ನ ಹಿಡಕೋಬ್ಯಾಡೋ ತಮ್ಮಾ, ಮೊಣಕಾಲು ಸಡ್ಲ ಬಿಟ್ಟು ನಿಂದ್ರು" ಅಂದ. ಹಡಗಿನಲ್ಲೂ ಅದೇ ಮಾತು. ರೇಲಿಂಗಿಗೆ ಲೆನ್ಸ್ ಇಟ್ಟರೆ ಎಂಜಿನ್ನಿನ ನಡುಕ ನೇರ ಕ್ಯಾಮೆರಾಕ್ಕೆ ಬರುತ್ತದೆ. ಕಾಲು ಸ್ವಲ್ಪ ಅಗಲಿಸಿ, ಮೊಣಕೈ ಎದೆಗೆ ಒತ್ತಿ, ಸೊಂಟದಿಂದ ತಿರುಗಬೇಕು. ಟ್ರೈಪಾಡ್ ಸುಮ್ನೆ ಭಾರ.

ಇನ್ನೊಂದು ಪಾಠ ಬೆಳಕಿನದು. ಕಪ್ಪು ಮಣ್ಣು, ಬಿಳಿ ಹಕ್ಕಿ. ಕ್ಯಾಮೆರಾ ಮಣ್ಣಿನ ಕಪ್ಪು ನೋಡಿ ಎಲ್ಲವನ್ನೂ ಬೆಳಗಿಸಿಬಿಡುತ್ತದೆ, ಗರಿಯ ಒಂದೊಂದು ಎಳೆಯೂ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಆಳದ ಕಡಲೂ ಹಾಗೇ ಕಪ್ಪು ನೀಲಿ, ಅದರ ಮೇಲೆ ಟರ್ನ್ ಹಕ್ಕಿಯ ಬಿಳಿ ಹೊಟ್ಟೆ. ಮರುಕ್ಷಣ ಅದೇ ಹಕ್ಕಿ ಮೇಲೆದ್ದರೆ ಹಿಂದೆ ಬೆಳ್ಳನೆ ಆಕಾಶ. ಹಾಗಾಗಿ ಬೆಳಕನ್ನು ಕ್ಯಾಮೆರಾವೇ ಹೊಂದಿಸುವ ಆಟೋ ಮೋಡನ್ನು ನಾನು ನಂಬುವುದಿಲ್ಲ. ಬಿಸಿಲು ಸ್ಥಿರವಾಗಿದ್ದರೆ ಪೂರ್ತಿ ಮ್ಯಾನುಯಲ್, ಅಂದರೆ ಎಲ್ಲವನ್ನೂ ನಾನೇ ಹೊಂದಿಸುವುದು. ಬಿಳಿ ಗರಿಯ ಎಳೆಗಳು ಅಳಿಸಿಹೋಗದ ಮಟ್ಟಕ್ಕೆ ಒಮ್ಮೆ ಹೊಂದಿಸಿದರೆ ಮುಗೀತು, ಹಿನ್ನೆಲೆ ಏನಾದರೂ ಆಗಲಿ. ಶಟರ್ (ಬೆಳಕು ಒಳಬಿಡುವ ಹೊತ್ತು) 1/2500 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 7.1, ಅದಕ್ಕೆ ತಕ್ಕ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಮೋಡ ಬಂದರೆ ಮತ್ತೆ ಹೊಂದಿಸುವುದು.

ಲೆನ್ಸ್ 100-400 ಮಿ.ಮೀ. ಜೂಮ್ ಸಾಕು. 600 ಹಿಡಿದವರು ನೋಟ ಕಿರಿದಾಗಿ ಹಕ್ಕಿ ಹುಡುಕುತ್ತಲೇ ಇರುತ್ತಾರೆ. ಎರಡೂ ಕಣ್ಣು ತೆರೆದಿಟ್ಟು, 100ರಲ್ಲಿ ಹಕ್ಕಿಯನ್ನು ಚೌಕಟ್ಟಿಗೆ ತಂದು, ಆಮೇಲೆ ಜೂಮ್ ಮಾಡುವುದು ನನ್ನ ಕ್ರಮ.

ಇನ್ನು ನಿಲ್ಲುವ ಜಾಗ. ಎಲ್ಲರೂ ಮೇಲಿನ ಡೆಕ್ಕಿಗೆ ಓಡುತ್ತಾರೆ. ಅಲ್ಲಿಂದ ಹಕ್ಕಿಯ ಬೆನ್ನು ಮಾತ್ರ ಕಾಣುತ್ತದೆ, ಅಲ್ವಾ? ಪ್ರಯಾಣಿಕರಿಗೆ ಬಿಟ್ಟ ಡೆಕ್‌ಗಳಲ್ಲಿ ತೀರಾ ಕೆಳಗಿನದನ್ನು ಹಿಡಿಯಿರಿ. ನೀರಿಗೆ ಹತ್ತಿರವೇ ತೇಲಿ ಹಾರುವ ಶಿಯರ್‌ವಾಟರ್ ಎಂಬ ಕಡಲ ಹಕ್ಕಿ ರೆಕ್ಕೆ ಬಡಿಯುವುದೇ ಕಡಿಮೆ. ಒಂದು ರೆಕ್ಕೆಯ ತುದಿ ನೀರಿಗೆ ತಾಗಿತೇನೋ ಅನ್ನುವಂತೆ ವಾಲಿ, ಅಲೆಯ ಹಿಂದೆ ಮಾಯವಾಗಿ, ಮುಂದೆಲ್ಲೋ ಏಳುತ್ತದೆ. ಮಾಯವಾದಾಗಲೂ ಅದೇ ವೇಗದಲ್ಲಿ ಕ್ಯಾಮೆರಾ ತಿರುಗಿಸುತ್ತಾ ಹೋದರೆ ಎದ್ದ ಕೂಡಲೇ ಸಿಗುತ್ತದೆ. ನಿಲ್ಲಿಸಿದಿರೋ, ಹೋಯಿತು.

ಕವರತ್ತಿಗೆ ಹಡಗು ಹೆಚ್ಚುಕಡಿಮೆ ಪಶ್ಚಿಮಕ್ಕೆ ಸಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹೋಗುವಾಗ ಬಲಗಡೆ ನಿಂತರೆ ಬೆಳಕು ನಮ್ಮ ಬೆನ್ನಿಗೆ, ಹಕ್ಕಿಯ ಮುಖಕ್ಕೆ. ಬರುವಾಗ ಎಡಗಡೆ. ಗಾಳಿಗೆ ಎದುರಾಗಿ ಹಾರುವ ಹಕ್ಕಿ ನಿಧಾನವಾಗುತ್ತದೆ, ಅಂಥದ್ದನ್ನು ಆರಿಸಿಕೊಳ್ಳಿ. ಹಡಗಿನ ಮೂತಿಗೆ ಬೆದರಿ ಹಾರುಮೀನುಗಳು ನೀರಿನಿಂದ ಚಿಮ್ಮುವಾಗಲೂ ಕಣ್ಣಿಟ್ಟಿರಬೇಕು. ಅವನ್ನು ಹಿಡಿಯಲು ಬೂಬಿ ಹಕ್ಕಿ ಹಡಗಿನ ಪಕ್ಕಕ್ಕೇ ಬರುವುದುಂಟು.

ವ್ಯೂಫೈಂಡರಿಗೆ ಕಣ್ಣು ಅಂಟಿಸಿಕೊಂಡೇ ಇದ್ದರೆ ಹೊಟ್ಟೆ ತೊಳೆಸುತ್ತದೆ. ಆಗಾಗ ದೂರದ ಕಡಲಂಚು ನೋಡಬೇಕು. ವಾಂತಿ ಗುಳಿಗೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿ ಲಾಭ ಕಡಿಮೆ.

ಎಸಿ ಕ್ಯಾಬಿನ್ನಿನಿಂದ ಹೊರಬಂದರೆ ಲೆನ್ಸ್ ಮಂಜಾಗುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಡೆಕ್ಕಿಗೆ ತಂದು ಅರ್ಧ ಗಂಟೆ ಬಿಡಿ. ರಾತ್ರಿ ಮಲಗುವ ಮುಂಚೆ ಸಿಹಿನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಕ್ಯಾಮೆರಾ ಒರೆಸಿ, ಆಮೇಲೆ ಒಣಬಟ್ಟೆ. ಮೊದಲೇ ಒಣಬಟ್ಟೆ ತಿಕ್ಕಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ.