ಪಟ್ಟಿಯಿಂದ ಜಾರಿಹೋಗುವ ಮಕ್ಕಳು

ಹದಿಹರೆಯದಲ್ಲಿ ಮನಸ್ಸಿನ ಕಾಯಿಲೆ ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ? ಇದನ್ನು ತಿಳಿಯಲು ಅದೇ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಭೇಟಿ ಮಾಡುವ ಒಂದು ಸಂಶೋಧನೆಯಲ್ಲಿ ನಾನು ಫೀಲ್ಡ್ ಕೆಲಸ ಮಾಡಿದೆ. ಮೈಸೂರು, ಮಂಡ್ಯ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು.

"ಒಂದ್ಸಲ ಕೇಳಿದ್ರೆ ಸಾಲಲ್ವಾ ಮೇಡಂ?" ಎಂದು ಹೆಡ್‌ಮಾಸ್ಟರುಗಳು ಕೇಳುತ್ತಿದ್ದರು. ಸಾಲದು. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿಯೊಬ್ಬಳು ಮಂಕಾಗಿದ್ದಾಳೆ ಅಂದುಕೊಳ್ಳಿ. ಫೇಲಾಗಿದ್ದಕ್ಕೆ ಮಂಕಾದಳಾ, ಮೊದಲೇ ಮಂಕಾಗಿ ಓದಲಾಗದೆ ಫೇಲಾದಳಾ? ಹೋದ ವರ್ಷದ ಉತ್ತರ ಕೈಯಲ್ಲಿದ್ದರೆ ಮಾತ್ರ ಹೇಳಬಹುದು. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳ ಬದುಕನ್ನು ಹೀಗೆ ದಶಕಗಳ ಕಾಲ ಗಮನಿಸಿದ್ದಾರೆ. 26ನೇ ವಯಸ್ಸಿನಲ್ಲಿ ಮಾನಸಿಕ ಕಾಯಿಲೆ ಇದ್ದವರಲ್ಲಿ ಅರ್ಧದಷ್ಟು ಜನರಿಗೆ 15 ತುಂಬುವ ಮೊದಲೇ ಏನೋ ಒಂದು ತೊಂದರೆ ಶುರುವಾಗಿತ್ತು. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲೂ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು, ಅವರ ಮಕ್ಕಳು ಬೆಳೆಯುವುದನ್ನು ನೋಡುತ್ತಾ ಬಂದ ಅಧ್ಯಯನವಿದೆ. ನಮ್ಮ ನಡುವೆಯೇ ಇಂಥ ಕೆಲಸ ನಡೆದಿದೆ ಎಂಬುದು ನನಗೆ ತುಂಬಾ ಹೆಮ್ಮೆಯ ವಿಷಯ.

ಮೊದಲ ತೊಡಕು ಭಾಷೆಯದು. "ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಜಾರಾಗಿತ್ತು?" ಎಂದು ಕೇಳಿದರೆ ಹುಡುಗರು "ದಿನಾ" ಎನ್ನುತ್ತಿದ್ದರು. ಮಾತಾಡಿಸುತ್ತಾ ಹೋದರೆ ಒಬ್ಬನಿಗೆ ಕ್ರಿಕೆಟ್ ಆಡಲು ಜೊತೆಯಿಲ್ಲದ ಬೇಜಾರು. ಇನ್ನೊಬ್ಬನಿಗೆ ಅಪ್ಪ ಕುಡಿದು ಬರುವ ಬೇಜಾರು. ಮತ್ತೊಬ್ಬಳಿಗೆ ಯಾರ ಮೇಲೋ ಸಿಟ್ಟು, ಅದೂ ಬೇಜಾರೇ. ನಮ್ಮ ಈ ಒಂದು ಪದದಲ್ಲಿ ಹೊತ್ತು ಹೋಗದಿರುವುದು, ದುಃಖ, ಮುನಿಸು ಎಲ್ಲವೂ ಇವೆ. ಆದರೆ ನಡುವೆ ಪ್ರಶ್ನೆ ಬದಲಿಸುವ ಹಾಗಿಲ್ಲ. ಬದಲಿಸಿದರೆ ಹಳೆಯ ಉತ್ತರಕ್ಕೂ ಹೊಸದಕ್ಕೂ ಹೋಲಿಕೆಯೇ ತಪ್ಪುತ್ತದೆ. ಹಾಗಾಗಿ ಮೊದಲ ಸುತ್ತಿಗೆ ಮುಂಚೆಯೇ ಬೇರೆ ಊರಿನ ಮಕ್ಕಳ ಜೊತೆ ಕೂತು ಒಂದೊಂದು ಪದವನ್ನೂ ಪರೀಕ್ಷಿಸಿದೆವು. "ಅಳು ಬಂದ ಹಾಗೆ ಅನಿಸ್ತಿತ್ತಾ, ಯಾವುದೂ ಬೇಡ ಅನಿಸ್ತಿತ್ತಾ" ಎಂದು ಕೇಳಿದಾಗ ಮಕ್ಕಳು ಯೋಚಿಸಿ ಉತ್ತರ ಕೊಡತೊಡಗಿದರು.

ಒಪ್ಪಿಗೆಯ ಪತ್ರಕ್ಕೆ ಅಪ್ಪ ಅಮ್ಮನ ಸಹಿ ಬೇಕು, ಮಗುವೂ ಒಪ್ಪಬೇಕು. ಹೇಳಿದ್ದು ಗುಟ್ಟಾಗಿರುತ್ತದೆ, ಆದರೆ ಜೀವಕ್ಕೆ ಅಪಾಯ ಅನಿಸಿದರೆ ದೊಡ್ಡವರಿಗೆ ಹೇಳಲೇಬೇಕಾಗುತ್ತದೆ ಎಂದು ಶುರುವಿನಲ್ಲೇ ತಿಳಿಸುತ್ತಿದ್ದೆ.

ನಾನು ಎಡವಿದ್ದು ಎರಡನೇ ವರ್ಷ. ಮೊದಲ ಸುತ್ತಿನಲ್ಲಿ ಅಪ್ಪನ ಮೊಬೈಲ್ ನಂಬರ್ ಒಂದನ್ನೇ ಬರೆದುಕೊಂಡಿದ್ದೆ. ಫೋನ್ ಮಾಡಿದರೆ ಎಷ್ಟೋ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಸಿಕ್ಕವರೆಲ್ಲ ಶಾಲೆಗೆ ಹೋಗುವವರು, ಸ್ವಂತ ಮನೆಯವರು. ಸಿಗದವರು ಶಾಲೆ ಬಿಟ್ಟವರು, ಬೇಗ ಮದುವೆಯಾದ ಹುಡುಗಿಯರು, ಕೆಲಸಕ್ಕೆ ವಲಸೆ ಹೋದ ಮನೆಯವರು. ಕಷ್ಟ ಜಾಸ್ತಿ ಇದ್ದವರೇ ಬಿಟ್ಟುಹೋದರೆ, ಉಳಿದವರ ಉತ್ತರ ನೋಡಿ "ಮಕ್ಕಳು ಚೆನ್ನಾಗಿದ್ದಾರೆ" ಎಂದು ಬರೆದುಬಿಡುತ್ತೇವೆ. ಡ್ಯುನೆಡಿನ್‌ನವರು 45ನೇ ವಯಸ್ಸಿನ ಸುತ್ತಿನಲ್ಲೂ ಬದುಕಿರುವವರಲ್ಲಿ 94% ಜನರನ್ನು ಉಳಿಸಿಕೊಂಡಿದ್ದರು. ಪರದೇಶದಲ್ಲಿದ್ದವರನ್ನು ತಾವೇ ಖರ್ಚು ಹಾಕಿ ಕರೆಸುತ್ತಾರೆ.

ನಮಗೆ ಅಷ್ಟು ದುಡ್ಡಿರಲಿಲ್ಲ. ನಾನು ಅಜ್ಜಿ, ಸೋದರಮಾವ, ಅಕ್ಕಪಕ್ಕದವರ ನಂಬರ್ ಕೇಳತೊಡಗಿದೆ. ಊರಹಬ್ಬದ ದಿನ ನೋಡಿಕೊಂಡು ಹೋದೆ. ಎಲ್ಲೇ ಇದ್ದರೂ ಅವತ್ತು ಊರಿಗೆ ಬರುತ್ತಾರಲ್ವಾ.

ಹಾಗೆ ಸಿಕ್ಕ ಒಬ್ಬ ಹುಡುಗನ ಅಜ್ಜಿ, "ಗ್ಯಾರೇಜ್ಗೆ ಸೇರ್ಕಂಡವ್ನೆ ಕಣವ್ವ, ಹಬ್ಬಕ್ಕೂ ಬರ್ನಿಲ್ಲ" ಎಂದು ವಿಳಾಸ ಕೊಟ್ಟರು. ರಾತ್ರಿ ಎಂಟಕ್ಕೆ, ಕೆಲಸ ಮುಗಿದ ಮೇಲೆ, ಗ್ಯಾರೇಜಿನ ಕಟ್ಟೆಯ ಮೇಲೆ ಕೂತೆವು. ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಉತ್ತರ ಹೇಳುತ್ತಾ ಹೋದ. ಒಂದು ಪುಟ ತಿರುಗಿಸಿದಾಗ ತಡೆದ.

"ಅಕ್ಕ, ನಿದ್ದೆದು ಕೇಳ್ಲೇ ಇಲ್ಲ ನೀವು."

ಎರಡು ಹಾಳೆ ಅಂಟಿಕೊಂಡಿದ್ದವು. ಬಿಡಿಸಿ ಕೇಳಿದೆ. ಎರಡು ವರ್ಷದ ಹಿಂದೆ "ಚೆನ್ನಾಗಿ ಬರುತ್ತೆ" ಎಂದಿದ್ದವನು ಈ ಸಲ ಸುಮ್ನೆ ತಲೆಯಾಡಿಸಿದ. ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟೆ. ಅವತ್ತು ಹತ್ತೂವರೆವರೆಗೆ ಮಾತಾಡಿದೆವು. ಮುಂದಿನ ವಾರ ಅವನನ್ನು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ.